ನುಸಿಗುಳಿಗೆಯ ಎರಡು ವರ್ಷ

ಸಂಸ್ಥೆಯಲ್ಲಿ ಅವನನ್ನು ಎಲ್ಲರೂ ಬಿಳಿಬಟ್ಟೆ ಎಂದೇ ಕರೆಯುತ್ತಿದ್ದರು. ಹಾಜರಿ ಪುಸ್ತಕದಲ್ಲಿ ಬೇರೆ ಹೆಸರಿತ್ತು. ಗುಮಾಸ್ತನ ಹೊರತು ಬೇರೆ ಯಾರೂ ಅದನ್ನು ಬಳಸಿದ್ದು ನಾನು ಕೇಳಿಲ್ಲ.

ಅವನ ಕೆಲಸ ಹೇಳಲು ಸುಲಭ. ವಾರಕ್ಕೆ ಮೂರು ದಿನ, ಬೆಳಿಗ್ಗೆ ಇಬ್ಬನಿ ಆರಿದ ಮೇಲೆ, ಒಂದು ಗಜ ಅಗಲದ ಬಿಳಿ ಫ್ಲಾನೆಲ್ ಬಟ್ಟೆಯನ್ನು ಕೋಲಿಗೆ ಕಟ್ಟಿ, ಗುಡ್ಡದ ಪೊದೆಗಳ ನಡುವೆ ನೆಲಕ್ಕೆ ತಾಗುವಂತೆ ಎಳೆದುಕೊಂಡು ಹೋಗಬೇಕು. ಇಪ್ಪತ್ತು ಹೆಜ್ಜೆಗೊಮ್ಮೆ ನಿಂತು ಬಟ್ಟೆ ಮಗುಚಬೇಕು. ಅಂಟಿಕೊಂಡು ಬಂದ ಉಣುಗುಗಳನ್ನು ಚಿಮಟದಿಂದ ಒಂದೊಂದಾಗಿ ಹೆಕ್ಕಿ ಸ್ಪಿರಿಟ್ ಶೀಶೆಗೆ ಹಾಕಬೇಕು. ಎಣಿಸಿ ಬರೆಯಬೇಕು. ನಾಯಿಯ ಕಿವಿಯಲ್ಲಿ ಊದಿಕೊಂಡು ಕೂತಿರುವ ಉಣುಗನ್ನು ಎಲ್ಲರೂ ಕಂಡಿದ್ದಾರೆ. ಗುಡ್ಡದ ಮರಿ ಉಣುಗು ಎಳ್ಳಿಗಿಂತ ಸಣ್ಣದು, ಮತ್ತು ಕೆಲವು ಮರಿಗಳ ಹೊಟ್ಟೆಯಲ್ಲಿ ಒಂದು ಜ್ವರದ ವಿಷಾಣು ಇರುತ್ತದೆ. ಬಟ್ಟೆ ಮೈಗೆ ಸವರಿದರೆ ಅದಕ್ಕೆ ಜಿಂಕೆಯೋ ಮೊಲವೋ ಬಂತೆಂದು ತೋರುತ್ತದೆ, ಹತ್ತಿಕೊಳ್ಳುತ್ತದೆ. ಆ ಒಂದು ಮೋಸದ ಮೇಲೆ ನಮ್ಮ ವಿಜ್ಞಾನವೆಲ್ಲ ನಿಂತಿತ್ತು.

ಈ ಕೆಲಸವನ್ನು ಅವನು ಇಪ್ಪತ್ತೆಂಟು ವರ್ಷ ಮಾಡಿದ. ಅದರಲ್ಲಿ ಕೊನೆಯ ಹನ್ನೊಂದು ವರ್ಷ ನಾನು ಆ ಸಂಸ್ಥೆಯ ಮುಖ್ಯಸ್ಥೆಯಾಗಿದ್ದೆ.

ಕೂತಲ್ಲಿ ಕೂರುವ ಜಾತಿಯವನಲ್ಲ. ಮಾತಾಡುತ್ತಲೇ ಕಿವಿಯ ಹಿಂದೆ ಬೆರಳಾಡಿಸುವನು, ಪ್ಯಾಂಟಿನ ಅಂಚು ಮಡಚಿ ನೋಡುವನು, ಕಂಕುಳ ತಡವಿಕೊಳ್ಳುವನು. ಅದು ಅಭ್ಯಾಸ ಮಾತ್ರವಲ್ಲ, ಬದುಕುವ ದಾರಿ. ಉಣುಗು ಕಚ್ಚಿದರೆ ನೋಯುವುದಿಲ್ಲ. ಪಕ್ಕದ ಕೋಣೆಯಲ್ಲಿ ಇಲಿಗಳನ್ನು ಹಿಡಿದು ಪರೀಕ್ಷಿಸುತ್ತಿದ್ದ ಪ್ರಾಣಿಶಾಸ್ತ್ರಜ್ಞೆಯೊಬ್ಬಳಿದ್ದಳು, ಅವಳಿಗೆ ಇಲಿ ಮೇಡಂ ಎಂದೇ ಹೆಸರು. ಅವಳು ಹೇಳುತ್ತಿದ್ದಳು: "ಇವರ ಎದುರಿಗೆ ಐದು ನಿಮಿಷ ಕೂತ್ರೆ ನನ್ನ ಮೈಯೂ ತುರಿಸೋಕೆ ಶುರುವಾಗುತ್ತೆ. ಬಿಳಿಬಟ್ಟೆ, ಸ್ವಲ್ಪ ಆ ಕಡೆ ಮುಖ ಮಾಡ್ಕೊಂಡು ಮಾತಾಡಿ."

ಕೆಲಸಕ್ಕೆ ಸೇರಿದ ಎರಡನೇ ವರ್ಷವೇ ಅವನಿಗೆ ಆ ಜ್ವರ ಬಂದಿತ್ತು. ಹದಿನೇಳು ದಿನ ಮಲಗಿ ಎದ್ದ. ಹೋಗುವಾಗ ಜ್ವರ ಅವನ ಮೂಗನ್ನು ಒಯ್ದಿತ್ತು. ಉಪ್ಪು, ಹುಳಿ ನಾಲಿಗೆಗೆ ತಿಳಿಯುತ್ತಿತ್ತು. ವಾಸನೆ ಎಂಬುದು ಮಾತ್ರ ಮತ್ತೆ ಬರಲಿಲ್ಲ. ಅವನ ಹೆಂಡತಿ ಇದನ್ನು ಬಂದವರಿಗೆಲ್ಲ ಹೇಳಿಕೊಳ್ಳುತ್ತಿದ್ದಳು: "ಇವರಿಗೆ ಅಡುಗೆ ಮಾಡೋದೂ ಒಂದೇ, ಗೋಡೆಗೆ ಸುಣ್ಣ ಹೊಡೆಯೋದೂ ಒಂದೇ. ಸಾರು ಸೀದು ಕರಕಲಾದ್ರೂ ಎರಡು ಸಲ ಹಾಕಿಸ್ಕೊಂಡು ತಿಂತಾರೆ."

ಗುಡ್ಡದ ಬುಡದಲ್ಲಿ ಕಲ್ಲುಗಣಿ. ಗಣಿಯವರು ಕೆಲಸಗಾರರಿಗೆ ಕಟ್ಟಿಸಿದ ನಲವತ್ತು ಮನೆಗಳ ಸಾಲಿಗೆ ಲೈನು ಎನ್ನುತ್ತಿದ್ದರು. ಪೊದೆಗಳು ಆ ಮನೆಗಳ ಹಿತ್ತಿಲ ತನಕ ಇಳಿದಿದ್ದವು. ಸೌದೆಗೆ, ಮೇಕೆ ಮೇಯಿಸಲು ಎಲ್ಲರೂ ಅಲ್ಲಿಗೇ ಹೋಗಬೇಕು. ಪ್ರತಿವರ್ಷ ಚಳಿಗಾಲದಲ್ಲಿ, ಉಣುಗಿನ ಮರಿಗಳು ಹಿಂಡುಹಿಂಡಾಗಿ ಏಳುವ ಮೊದಲೇ, ಲೈನಿನವರಿಗೆ ತಿಂಗಳ ಅಂತರದಲ್ಲಿ ಎರಡು ಸೂಜಿ ಲಸಿಕೆ ಹಾಕುತ್ತಿದ್ದರು. ಹಾಕಬೇಕೋ ಬೇಡವೋ ಎಂದು ಆರೋಗ್ಯ ಇಲಾಖೆ ತೀರ್ಮಾನಿಸುತ್ತಿದ್ದುದು ಬಿಳಿಬಟ್ಟೆಯ ಎಣಿಕೆ ನೋಡಿಕೊಂಡು. ಅವನ ಒಬ್ಬಳೇ ಮಗಳು ಲೈನಿನ ಮೊದಲ ಮನೆಯಲ್ಲಿದ್ದಳು. ಅಳಿಯ ಕಲ್ಲು ಒಡೆಯುವವನು.

ಬಟ್ಟೆಗೆ ಕಟ್ಟುನಿಟ್ಟಿನ ನಿಯಮವಿತ್ತು. ಸೋಪು ಮುಟ್ಟಿಸಬಾರದು, ನೀಲಿ ಹಾಕಬಾರದು, ಬರೀ ನೀರಿನಲ್ಲಿ ಜಾಲಿಸಿ ಬಿಸಿಲಿಗೆ ಹರವಬೇಕು. ಬಟ್ಟೆಗಳು ಸಂಸ್ಥೆಯ ಉಗ್ರಾಣದಲ್ಲಿ ಇರುತ್ತಿದ್ದವು. ಒಂದು ಮಳೆಗಾಲ ಉಗ್ರಾಣದ ಸೂರು ಸೋರಿತು. ಬಟ್ಟೆಗೆ ಬೂಷ್ಟು ಹಿಡಿಯತೊಡಗಿತು. ಅವನು ಅವನ್ನು ಮನೆಗೆ ಒಯ್ದು ಹೆಂಡತಿಯ ಟ್ರಂಕಿನಲ್ಲಿಟ್ಟ. ನನಗೆ ಹೇಳಿಯೇ ಒಯ್ದ. "ಒಳ್ಳೇದಾಯ್ತು" ಎಂದಿದ್ದೆ. ಅಂದಿನಿಂದ ಅವನು ಮನೆಯಿಂದಲೇ ಗುಡ್ಡಕ್ಕೆ ಹೋಗುತ್ತಿದ್ದ, ಸಂಸ್ಥೆಗೆ ಶೀಶೆ ಮಾತ್ರ ಬರುತ್ತಿತ್ತು.

ಆ ವರ್ಷದ ಎಣಿಕೆ ಇಳಿಯಿತು. ಮೊದಲು ಎಳೆತವೊಂದಕ್ಕೆ ನಲವತ್ತು, ಐವತ್ತು ಸಿಗುತ್ತಿದ್ದಲ್ಲಿ ಹತ್ತು, ಎಂಟು. ಮರುವರ್ಷ ಐದು, ಮೂರು. ಅವೇ ಎರಡು ವರ್ಷ ಬೇಸಿಗೆ ಹಿಂದೆಂದೂ ಇಲ್ಲದಷ್ಟು ಸುಟ್ಟಿತ್ತು. ನಮ್ಮ ಹವಾಮಾನದ ಡಾಕ್ಟರು ಯುವಕ, ಚುರುಕು, ಮಾತಿನಲ್ಲಿ ಮಲ್ಲ. ಒಂದು ಕಡೆ ತಾಪಮಾನ, ಇನ್ನೊಂದು ಕಡೆ ಉಣುಗು ಇಟ್ಟು ಗೆರೆ ಎಳೆದು ತೋರಿಸಿದ. ಸೆಕೆ ಏರಿದಂತೆ ಉಣುಗು ಇಳಿದಿತ್ತು. ಒಣ ಸೆಕೆಗೆ ಉಣುಗಿನ ಮೊಟ್ಟೆ ಸಾಯುತ್ತದೆ, ಆದ್ದರಿಂದ ಗುಡ್ಡ ತಾನಾಗಿಯೇ ಸ್ವಚ್ಛವಾಗುತ್ತಿದೆ ಎಂದ. ಹವಾಮಾನ ಕೆಟ್ಟದ್ದರಿಂದ ಒಳ್ಳೆಯದಾದ ಒಂದೇ ಒಂದು ಸಂಗತಿ ಎಂದು ಎಲ್ಲರಿಗೂ ಅದು ರುಚಿಸಿತು.

ಇಲಿ ಮೇಡಂ ಒಬ್ಬಳೇ ಒಪ್ಪಲಿಲ್ಲ. "ನನ್ನ ಇಲಿಗಳ ಕಿವಿಯಲ್ಲಿ ಉಣುಗು ಮೊದಲಿನಷ್ಟೇ ಇದೆ ಸರ್. ಗುಡ್ಡದಲ್ಲಿ ಇಲ್ಲದ್ದು ಇಲಿ ಕಿವಿಗೆ ಎಲ್ಲಿಂದ ಬಂತು?"

"ನಿಮ್ಮ ಇಲಿ ಇನ್ನೂರು ಮೇಡಂ. ಬಿಳಿಬಟ್ಟೆ ಎಳೆದದ್ದು ಇಪ್ಪತ್ತಾರು ವರ್ಷ."

ನಾನು ಇಪ್ಪತ್ತಾರು ವರ್ಷದ ಕಡೆ ವಾಲಿದೆ. ವರದಿಗೆ ಸಹಿ ಹಾಕಿದೆ. ಆರೋಗ್ಯಾಧಿಕಾರಿ ಆ ಚಳಿಗಾಲ ಲೈನಿಗೆ ಲಸಿಕೆ ಬೇಕಿಲ್ಲ ಎಂದು ಬರೆದು, ದಾಸ್ತಾನನ್ನು ಬೇರೆ ಕಡೆಗೆ ಕಳಿಸುವ ಏರ್ಪಾಡು ಮಾಡಿದ.

ಇದಾದ ಮೇಲೆ ಒಂದು ಬುಧವಾರ ಬಿಳಿಬಟ್ಟೆ ಗುಡ್ಡ ಇಳಿದು ಮಗಳ ಮನೆಗೆ ನೀರು ಕುಡಿಯಲು ಹೋದ. ಬಟ್ಟೆ ಹೆಗಲ ಮೇಲಿತ್ತು; ಬಟ್ಟೆ ಸಮೇತ ಅವಳ ಮನೆಗೆ ಹೋದದ್ದು ಅದೇ ಮೊದಲು. ಲೈನಿನ ಕೊನೆಯಲ್ಲಿ ಗಣಿಯ ಉಳಿಗಳನ್ನು ಕಾಯಿಸಿ ತಟ್ಟಿ ಹರಿತ ಮಾಡುವ ಕುಲುಮೆ ಇತ್ತು. ಕುಲುಮೆಯವನಿಗೂ ಇವನಿಗೂ ಹಳೆಯ ಗೆಳೆತನ.

"ಏನಯ್ಯಾ ಬಿಳಿಬಟ್ಟೆ, ಇವತ್ತೂ ಸೋತು ಬಂದ್ಯಾ?" ಎಂದ ಅವನು, ತಿದಿ ಒತ್ತುತ್ತಾ. "ಇಪ್ಪತ್ತೈದು ವರ್ಷದಿಂದ ಬಿಳಿ ಬಾವುಟ ಹಿಡ್ಕೊಂಡೇ ಓಡಾಡ್ತಿದ್ದೀಯಲ್ಲ, ಆ ಉಣುಗು ಇನ್ನೂ ಶರಣಾಗತಿ ಒಪ್ಕೊಂಡಿಲ್ವಾ?"

"ಅದೇ ಶರಣಾಗಿದೆ ಕಣೋ. ಇವತ್ತು ಸಿಕ್ಕಿದ್ದು ಮೂರೇ."

"ಹಂಗಾದ್ರೆ ಈ ವರ್ಷ ಸೂಜಿ ಇಲ್ಲ ಅಂದದ್ದು ನಿಜವೇ. ದೊಡ್ಡ ಪುಣ್ಯ. ಆ ನರ್ಸಮ್ಮ ಸೂಜಿ ಚುಚ್ಚೋದಲ್ಲ, ಗೂಟ ಹೊಡೀತಾಳೆ."

ಬಿಳಿಬಟ್ಟೆ ನಗುತ್ತಾ ಮಗಳ ಮನೆಯ ಬಾಗಿಲಿಗೆ ಬಂದ. ಮಗಳು ನೀರು ತಂದವಳು ಮೂಗು ಮುಚ್ಚಿಕೊಂಡಳು.

"ಅಪ್ಪಾ, ಆ ಬಟ್ಟೆ ಒಳಗೆ ತರಬೇಡ."

"ಎಲ್ಲಾ ಹೆಕ್ಕಿದ್ದೀನಿ ಕಣೇ. ಒಂದೂ ಇಲ್ಲ."

"ಉಣುಗಲ್ಲ, ವಾಸನೆ. ಅಮ್ಮನ ಟ್ರಂಕು ತೆಗೆದ ಹಾಗಿದೆ. ನುಸಿಗುಳಿಗೆ ವಾಸನೆ, ತಲೆ ಸಿಡಿಯುತ್ತೆ. ನಿನಗೆ ಗೊತ್ತಾಗೋದಿಲ್ಲ ಬಿಡು."

ಅವನು ಲೋಟ ಹಿಡಿದು ನಿಂತೇ ಇದ್ದನಂತೆ. ನೀರು ಕುಡಿಯಲಿಲ್ಲ. ಲೋಟವನ್ನು ಕಟ್ಟೆಯ ಮೇಲಿಟ್ಟು, ಬಟ್ಟೆಯನ್ನು ಸುತ್ತಿ ಕಂಕುಳಲ್ಲಿಟ್ಟುಕೊಂಡು, ಮಗಳು "ಅಪ್ಪಾ, ಯಾಕಪ್ಪಾ?" ಎಂದು ಕೂಗುತ್ತಿದ್ದರೂ ತಿರುಗಿ ನೋಡದೆ ಮನೆ ದಾರಿ ಹಿಡಿದ.

ಟ್ರಂಕು ತೆಗೆದ. ಬಟ್ಟೆಗಳ ಮಡಿಕೆ ಮಡಿಕೆಯಲ್ಲೂ ಬಿಳಿ ಗುಳಿಗೆಗಳು ಚೆನ್ನಾಗಿ ಕೂತಿದ್ದವು. ಕೆಲವು ಸವೆದು ಬಟಾಣಿಯಷ್ಟಾಗಿದ್ದವು.

"ಇದನ್ನ ಯಾರು ಇಟ್ಟದ್ದು?"

"ಯಾರು ಇಡ್ತಾರೆ? ನಾನೇ," ಎಂದಳು ಹೆಂಡತಿ. "ತಂದ ವಾರಕ್ಕೇ ಒಂದು ಬಟ್ಟೆಗೆ ತೂತು ಬಿದ್ದಿತ್ತು. ಸರ್ಕಾರದ ಬಟ್ಟೆ, ಹಾಳಾದ್ರೆ ನಿಮ್ಮ ತಲೆಗೆ ಬರುತ್ತೆ ಅಂತ ಇಟ್ಟೆ. ತಿಂಗಳಿಗೊಂದು ಸಲ ಹೊಸ ಗುಳಿಗೆ ಹಾಕ್ತೀನಿ. ಯಾಕೆ?"

"ನುಸಿ ಓಡಿಸೋ ಗುಳಿಗೆ ಉಣುಗನ್ನ ಓಡಿಸಲ್ವೇನೇ!"

"ಅದನ್ನ ನೀವು ಹೇಳಿದ್ರಾ? ಸೋಪು ಹಾಕಬೇಡ ಅಂದ್ರಿ, ಹಾಕಲಿಲ್ಲ. ನೀಲಿ ಬೇಡ ಅಂದ್ರಿ, ಹಾಕಲಿಲ್ಲ. ಗುಳಿಗೆ ಬೇಡ ಅಂತ ಯಾವ ದಿನ ಹೇಳಿದ್ರಿ? ಎರಡು ವರ್ಷದಿಂದ ಮನೆಯೆಲ್ಲಾ ಘಮ್ಮಂತಿದೆ, ನಿಮ್ಮ ಮೂಗಿಗೆ ನಾನು ಹೊಣೆಯಾ?"

ನಿಯಮ ಬರೆದದ್ದು ಸಂಸ್ಥೆ. ನಾವು ಕೂಡ ನುಸಿಗುಳಿಗೆ ಎಂಬ ಪದವನ್ನು ಅದರಲ್ಲಿ ಬರೆದಿರಲಿಲ್ಲ.

ಮರುದಿನ ಬೆಳಿಗ್ಗೆ ಅವನ ಎಳೆತದ ದಿನವಲ್ಲ. ಆದರೂ ಗುಡ್ಡ ಹತ್ತಿದ. ಒಂದು ಹೊಸ ಫ್ಲಾನೆಲ್ ತುಂಡು, ಒಂದು ಟ್ರಂಕಿನ ಬಟ್ಟೆ. ಒಂದೇ ಇಳಿಜಾರಿನಲ್ಲಿ ಪಕ್ಕಪಕ್ಕದ ಎರಡು ಪಟ್ಟಿ. ಟ್ರಂಕಿನ ಬಟ್ಟೆಗೆ ನಾಲ್ಕು ಹತ್ತಿದವು. ಹೊಸ ಬಟ್ಟೆಗೆ ಐವತ್ತೆರಡು.

ಅವತ್ತೇ ಅವನು ನನ್ನ ಕೋಣೆಗೆ ಬರಬಹುದಾಗಿತ್ತು. ಬರಲಿಲ್ಲ. ಕಾರಣ ಎರಡು. ಮೊದಲನೆಯದನ್ನು ನಾನೇ ಕೊಟ್ಟಿದ್ದೆ. ನಾನು ಅಧಿಕಾರ ವಹಿಸಿಕೊಂಡ ವರ್ಷ ಎಳೆತದ ರಿಜಿಸ್ಟರಿನ ಮೊದಲ ಪುಟದಲ್ಲಿ ಕೆಂಪು ಶಾಯಿಯಲ್ಲಿ ಬರೆದಿದ್ದೆ: ಒಂದು ಎಳೆತ ಎಣಿಕೆಯಲ್ಲ. ಒಂದೇ ಸಲ ಕಂಡದ್ದನ್ನು ಹಿಡಿದು ಯಾರೂ ನನ್ನ ಬಾಗಿಲು ತಟ್ಟಬಾರದು ಎಂಬುದು ಅದರ ಅರ್ಥ. ಎರಡನೆಯದು ಮಗಳು. ಲಸಿಕೆ ನಿಲ್ಲಿಸಿದ ಮೇಲೆ, ಮಗಳು ಅದೇ ಲೈನಿನಲ್ಲಿರುವಾಗ, ತನ್ನ ಎಣಿಕೆ ತಪ್ಪು ಎಂದು ತಾನೇ ಹೋಗಿ ಹೇಳಿದರೆ ಜನ ಏನೆಂದಾರು? ಕುಂಬಳಕಾಯಿ ಕಳ್ಳ ಅಂದರೆ ಹೆಗಲು ಮುಟ್ಟಿ ನೋಡಿಕೊಂಡ ಎಂದಾರು. ಹೊಸ ಬಟ್ಟೆಗೂ ಹಳೆ ಬಟ್ಟೆಗೂ ಹೋಲಿಕೆ ಏನು ಎಂದು ಜಗಳ ತೆಗೆದಾರು. ಆದ್ದರಿಂದ ಯಾರೂ ಬೆರಳು ತೋರಿಸದಂಥ ಪುರಾವೆ ಬೇಕು ಎಂದುಕೊಂಡ.

ಪೇಟೆಗೆ ಹೋಗಿ ಒಂದೇ ಥಾನಿನಿಂದ ಆರು ಗಜ ಫ್ಲಾನೆಲ್ ಹರಿಸಿ ತಂದ. ಆರು ತುಂಡು ಮಾಡಿದ. ಮೂರನ್ನು ಗುಳಿಗೆ ಸಮೇತ ಟ್ರಂಕಿಗೆ ಹಾಕಿದ, ಮೂರನ್ನು ಹೊರಗೆ ತಂತಿಯ ಮೇಲೆ ಬಿಟ್ಟ. ವಾಸನೆ ಚೆನ್ನಾಗಿ ಹಿಡಿಯಲು ಎಷ್ಟು ದಿನ ಬೇಕು ಎಂದು ಹೆಂಡತಿಯನ್ನೇ ಕೇಳಿದ.

"ಹತ್ತು ದಿನ ಇಡಿ. ಆಮೇಲೆ ತೊಳೆದ್ರೂ ಹೋಗಲ್ಲ."

ಆ ಹತ್ತು ದಿನ ಅವನು ಹೇಗಿದ್ದನೆಂದು ಹೆಂಡತಿ ನನಗೆ ನಂತರ ಹೇಳಿದಳು. ಊಟಕ್ಕೆ ಕೂತವನು ಅರ್ಧಕ್ಕೇ ಎದ್ದು ಟ್ರಂಕಿನ ಮುಚ್ಚಳ ತೆಗೆದು ಮುಚ್ಚುವನು. ಮನೆಯಿಂದ ಬಸ್‌ ನಿಲ್ದಾಣಕ್ಕೆ, ಅಲ್ಲಿಂದ ಮನೆಗೆ ಸುಮ್ಮನೆ ನಡೆಯುವನು. ಮಗಳ ಮನೆಗೆ ಎರಡು ಸಲ ಹೋಗಿ, ಹಿತ್ತಿಲ ಹುಲ್ಲನ್ನು ತಾನೇ ಕುಡುಗೋಲಿನಿಂದ ಸವರಿದ. ಸೌದೆಗೆ ಗುಡ್ಡ ಹತ್ತಬೇಡ ಎಂದ. ಯಾಕೆ ಎಂದರೆ ಹೇಳಲಿಲ್ಲ. ಅಳಿಯ, "ಮಾವ, ಹೊಟ್ಟೆಗೆ ಹುಳ ಬಿದ್ದಿದೆಯಾ? ನಿಂತಲ್ಲಿ ನಿಲ್ತಿಲ್ಲ ನೀವು" ಎಂದು ನಕ್ಕ. ಮಗಳ ಹಿತ್ತಿಲು ಸವರಿದವನು ಉಳಿದ ಮೂವತ್ತೊಂಬತ್ತು ಹಿತ್ತಿಲುಗಳನ್ನು ನೋಡಿಕೊಂಡು ಬಂದ. ಅದು ಅವನನ್ನು ಹೆಚ್ಚು ಕಾಡಿತು.

ಆ ದಿನಗಳಲ್ಲಿ ರಿಜಿಸ್ಟರಿನ ನಾಲ್ಕು ಸಾಲು ಖಾಲಿ ಉಳಿದವು. ಸುಳ್ಳು ಬಟ್ಟೆ ಎಳೆಯಲು ಅವನಿಗೆ ಮನಸ್ಸಾಗಲಿಲ್ಲ, ಮೈ ಸರಿಯಿಲ್ಲ ಎಂದು ಹೇಳಿದ. ಇಪ್ಪತ್ತಾರು ವರ್ಷದಲ್ಲಿ ಅಂಥ ಖಾಲಿ ಇರಲಿಲ್ಲ. ದಿನವೂ ತೆರೆದು ನೋಡಬೇಕಾದ ಪುಸ್ತಕವನ್ನು ನಾನು ಆ ಹತ್ತು ದಿನವೂ ನೋಡಲಿಲ್ಲ.

ಹನ್ನೊಂದನೇ ದಿನ ಬೆಳಿಗ್ಗೆ ಎರಡು ಚೀಲ ಹಿಡಿದು ನನ್ನ ಕೋಣೆಗೆ ಬಂದ. ಕುರ್ಚಿ ತೋರಿಸಿದೆ, ಕೂರಲಿಲ್ಲ.

"ಮೇಡಂ, ಎರಡು ವರ್ಷದ ಎಣಿಕೆ ಸುಳ್ಳು."

"ಯಾರು ಬರೆದ ಸುಳ್ಳು?"

"ಬರೆದದ್ದು ನಾನು. ಹೇಳಿದ್ದು ಬಟ್ಟೆ."

ಒಂದು ಚೀಲದ ಬಾಯಿ ಬಿಚ್ಚಿದ. ವಾಸನೆ ಕೋಣೆ ತುಂಬಿತು. ಅವನು ಏನೂ ತಿಳಿಯದೆ ನನ್ನ ಮುಖವನ್ನೇ ನೋಡುತ್ತಿದ್ದ, ಕನ್ನಡಿಯಲ್ಲಿ ನೋಡಿಕೊಳ್ಳುವವನ ಹಾಗೆ. ನನಗೆ ಪರೀಕ್ಷೆ ಬೇಕಿರಲಿಲ್ಲ; ಅಂಗೈ ಹುಣ್ಣಿಗೆ ಕನ್ನಡಿ ಯಾಕೆ? ಆದರೆ ಲಸಿಕೆ ನನ್ನ ಕೈಯಲ್ಲಿರಲಿಲ್ಲ. ಮಧ್ಯಾಹ್ನ ಆರೋಗ್ಯಾಧಿಕಾರಿಯನ್ನು ಕರೆಸಿದೆ. ಹವಾಮಾನದ ಡಾಕ್ಟರು, ಇಲಿ ಮೇಡಂ ಕೂತರು.

ಅಧಿಕಾರಿ ಎಲ್ಲವನ್ನೂ ಕೇಳಿ ಪೆನ್ನಿನ ಮುಚ್ಚಳ ಹಾಕಿದ. "ನಿಮ್ಮ ಮಗಳು ಆ ಲೈನಲ್ಲೇ ಇದ್ದಾಳಂತಲ್ಲ?"

"ಹೌದು ಸರ್. ಮೊದಲನೇ ಮನೆ."

"ಲಸಿಕೆ ನಿಲ್ಲಿಸಿದ ಮೇಲೆ ನಿಮಗೆ ಈ ಗುಳಿಗೆ ನೆನಪಾಯ್ತು."

"ನಿಲ್ಲಿಸಿದ ಮೇಲೇ ಗೊತ್ತಾಯ್ತು ಸರ್. ಅದಕ್ಕೇ ನನ್ನ ಕಣ್ಣನ್ನ ನಂಬಬೇಡಿ. ಆರು ಬಟ್ಟೆ ತಂದಿದ್ದೀನಿ, ಒಂದೇ ಥಾನಿಂದು. ಮೂರಕ್ಕೆ ಗುಳಿಗೆ ತಗುಲಿದೆ, ಮೂರಕ್ಕೆ ಇಲ್ಲ. ನೋಡೋಕೆ ಒಂದೇ ಥರ. ನೀವು ನಿಮಗೆ ಬೇಕಾದ ಹಾಗೆ ಒಂದೊಂದಾಗಿ ನನ್ನ ಕೈಗೆ ಕೊಡಿ. ನಾನು ಎಳೀತೀನಿ, ಶೀಶೆಗೆ ಹಾಕ್ತೀನಿ. ಎಣಿಸೋದು ಇಲಿ ಮೇಡಂ, ಕೆಳಗೆ ರಸ್ತೆಯಲ್ಲಿ ಕೂತು. ಅವರಿಗೆ ಬಟ್ಟೆ ಕಾಣಬಾರದು, ವಾಸನೆಯೂ ಬರಬಾರದು."

"ವಾಸನೆ ನಿಮಗೆ ಗೊತ್ತಾಗುತ್ತಲ್ಲ?"

"ಇಡೀ ಊರಲ್ಲಿ ನನಗೊಬ್ಬನಿಗೆ ಗೊತ್ತಾಗಲ್ಲ ಸರ್."

ಅಧಿಕಾರಿ ಸುಲಭಕ್ಕೆ ನಂಬುವವನಲ್ಲ. ಆ ಗುಣಕ್ಕೆ ನನ್ನ ಗೌರವವಿದೆ. ಎದ್ದು ಹೋಗಿ ಕಸಗುಡಿಸುವವಳ ಫಿನೈಲಿನಲ್ಲಿ ಅದ್ದಿದ ಹತ್ತಿ ಒಂದು, ನೀರಿನಲ್ಲಿ ಅದ್ದಿದ ಹತ್ತಿ ಒಂದು ತಂದ. ಕಣ್ಣು ಕಟ್ಟಿಸಿ ಎರಡನ್ನೂ ಮೂಗಿಗೆ ಹಿಡಿದ. ಫಿನೈಲಿಗೆ ನಾನು ಕರವಸ್ತ್ರ ತೆಗೆದೆ.

"ಯಾವುದು ಯಾವುದು?"

"ಎರಡೂ ಒದ್ದೆ ಸರ್. ಅಷ್ಟೇ ಗೊತ್ತು."

ಐದು ಸಲ ಹಿಡಿದ, ಐದು ಸಲವೂ ಅದೇ ಉತ್ತರ. ಇಲಿ ಮೇಡಂಗೆ ನಗು ತಡೆಯಲಾಗಲಿಲ್ಲ. ಎರಡು ವರ್ಷ ನಮಗೆ ಮೋಸ ಮಾಡಿದ ಮೂಗೇ ಈಗ ನಮ್ಮ ಬಳಿಯಿದ್ದ ಒಂದೇ ಪ್ರಾಮಾಣಿಕ ಉಪಕರಣವಾಗಿತ್ತು.

ಮರುದಿನ ಬೆಳಿಗ್ಗೆ ಎಳೆತ ನಡೆಯಿತು. ಅಧಿಕಾರಿ ಯಾವುದೆಂದು ಚೀಟಿಯಲ್ಲಿ ಗುರುತು ಹಾಕಿಕೊಂಡು ಒಂದೊಂದೇ ಬಟ್ಟೆ ಕೊಟ್ಟ, ಬಿಳಿಬಟ್ಟೆ ಎಳೆದ, ಶೀಶೆಗಳು ಕೆಳಗೆ ಹೋದವು. ಅವನು ಅಂದು ಒಮ್ಮೆಯೂ ಪ್ಯಾಂಟಿನ ಅಂಚು ನೋಡಿಕೊಳ್ಳಲಿಲ್ಲ; ನಾನೇ ಎರಡು ಸಲ ಹೇಳಬೇಕಾಯಿತು. ಮಧ್ಯಾಹ್ನ ಇಲಿ ಮೇಡಂ ಅಂಕಿ ಓದಿದಳು. ಮೂರು ಶೀಶೆಗಳಲ್ಲಿ ಮೂವತ್ತೆಂಟು, ಐವತ್ತೊಂದು, ನಲವತ್ತನಾಲ್ಕು. ಉಳಿದ ಮೂರರಲ್ಲಿ ನಾಲ್ಕು, ಏಳು, ಮೂರು. ಅಧಿಕಾರಿ ತನ್ನ ಚೀಟಿಗೆ ಹೋಲಿಸಿ ನೋಡಿದ. ಚೀಟಿ ಮಡಚಿ ಜೇಬಿಗೆ ಹಾಕಿದ. "ಲಸಿಕೆ ವಾಪಸ್ ತರಿಸ್ತೀನಿ" ಎಂದ.

ಹವಾಮಾನದ ಡಾಕ್ಟರು ಗೆರೆಯಿದ್ದ ಹಾಳೆಯನ್ನು ತಿರುಗಿಸಿ ತಿರುಗಿಸಿ ನೋಡಿದ. "ಎಷ್ಟು ಚೆನ್ನಾಗಿ ಕೂತಿತ್ತು."

"ತೀರಾ ಚೆನ್ನಾಗಿ ಕೂತಿತ್ತು ಸರ್," ಎಂದಳು ಇಲಿ ಮೇಡಂ. "ನನ್ನ ಇಲಿಗಳು ಅದಕ್ಕೇ ಕಿವಿ ಅಲ್ಲಾಡಿಸಿದ್ದು."

ಲಸಿಕೆ ಬರಲು ಒಂಬತ್ತು ದಿನ ಹಿಡಿಯಿತು. ಮೊದಲ ಸೂಜಿ ಲೈನಿನ ಎಲ್ಲರಿಗೂ ಬಿತ್ತು, ಕುಲುಮೆಯವನಿಗೂ ಬಿತ್ತು. ಎರಡನೆಯದಕ್ಕೆ ಮುಂದಿನ ತಿಂಗಳ ಒಂದು ಸೋಮವಾರ ಗೊತ್ತಾಯಿತು. ಆದರೆ ಆ ವರ್ಷ ಚಳಿ ಬೇಗ ಸರಿಯಿತು, ಮರಿ ಉಣುಗುಗಳು ಎಂದಿಗಿಂತ ಎರಡು ವಾರ ಮೊದಲೇ ಎದ್ದವು. ಹವಾಮಾನ ಉಣುಗನ್ನು ಕೊಂದಿರಲಿಲ್ಲ, ಅದರ ಪಂಚಾಂಗ ಬದಲಿಸಿತ್ತು. ಆ ಸೋಮವಾರಕ್ಕೆ ಐದು ದಿನ ಮೊದಲು ಕುಲುಮೆಯವನಿಗೆ ಜ್ವರ ಹತ್ತಿತು. ಲೈನಿನಲ್ಲಿ ಆ ಸಲ ನಾಲ್ವರು ಮಲಗಿದರು. ಮೂವರು ಎದ್ದರು. ಕುಲುಮೆಯವನು ಏಳಲಿಲ್ಲ.

ಗೆಳೆಯನನ್ನು ಮಣ್ಣು ಮಾಡಿದ ಬಿಳಿಬಟ್ಟೆ ನೇರ ನನ್ನ ಕೋಣೆಗೆ ಬಂದ. ಈ ಸಲ ಕೂತ.

"ಮೇಡಂ, ಆ ಒಂದು ಎಳೆತದ ದಿನವೇ ಬಂದು ಹೇಳಿದ್ರೆ ಹತ್ತು ದಿನ ಉಳೀತಿತ್ತು. ಅವನಿಗೆ ಎರಡನೇ ಸೂಜಿ ಬೀಳ್ತಿತ್ತು."

"ಜ್ವರ ಬರೋಕೆ ಐದು ದಿನ ಮೊದಲು ಬೀಳ್ತಿತ್ತು. ಸೂಜಿ ಹಿಡಿಯೋಕೆ ಅದಕ್ಕಿಂತ ಹೆಚ್ಚು ದಿನ ಬೇಕು. ಒಂದೊಂದು ಮೈ ಒಂದೊಂದು ಥರ."

"ಹಾಗಾದ್ರೆ ಉಳೀತಿದ್ನಾ, ಇಲ್ವಾ?"

"ಗೊತ್ತಿಲ್ಲ."

"ಗೊತ್ತಿಲ್ಲ ಅಂದ್ರೆ?"

"ಗೊತ್ತಿಲ್ಲ ಅಂದ್ರೆ ಗೊತ್ತಿಲ್ಲ. ಹತ್ತು ದಿನ ನೀನು ಕಾದದ್ದು ನನ್ನ ಕೆಂಪು ಶಾಯಿ ನೋಡಿ. ಇಲಿ ಮೇಡಂ ಹೇಳಿದಾಗ ನಾನು ಕೇಳಿದ್ದಿದ್ರೆ ಪೂರಾ ಒಂದು ಋತು ಉಳೀತಿತ್ತು. ಅದನ್ನೂ ಲೆಕ್ಕ ಹಾಕು."

ಅವನು ರಿಜಿಸ್ಟರು ತಂದಿದ್ದ. ಎರಡು ವರ್ಷದ ಪುಟಗಳಿಗೆ ಅಡ್ಡಗೆರೆ ಎಳೆಯಲೇ ಎಂದು ಕೇಳಿದ. ಬೇಡ ಎಂದೆ, ತಪ್ಪು ಅಂಕಿಯೂ ಓದಲು ಸಿಗಬೇಕು. ಅಂಚಿನಲ್ಲಿ ಬರೆದ: ಈ ಎಣಿಕೆ ನಂಬಬಾರದು, ಬಟ್ಟೆಗೆ ನುಸಿಗುಳಿಗೆ ತಗುಲಿತ್ತು. ಅದರ ಕೆಳಗೆ ನಾನು ಸಹಿ ಹಾಕಿದೆ. ಮೊದಲ ಪುಟಕ್ಕೆ ತಿರುಗಿಸಿ, ನನ್ನ ಕೆಂಪು ವಾಕ್ಯದ ಕೆಳಗೆ ನಾನೇ ಇನ್ನೊಂದು ಸಾಲು ಬರೆದೆ: ಆದರೆ ಅನುಮಾನ ಬಂದ ದಿನವೇ ಬಂದು ಹೇಳಬೇಕು.

ಅವನು ಅದನ್ನು ಓದಿ, "ಇದು ಮೊದಲೇ ಇರಬೇಕಿತ್ತು" ಎಂದ. ಇರಬೇಕಿತ್ತು.

ಉಗ್ರಾಣದ ಸೂರು ಸರಿಯಾಯಿತು. ಬಟ್ಟೆಗಳು ಅಲ್ಲಿಗೇ ಮರಳಿದವು. ನಿವೃತ್ತಿಯ ತನಕ ಅವನಿಗೆ ಇನ್ನೆರಡು ವರ್ಷವಿತ್ತು. ಎಳೆತದ ದಿನ ಬೆಳಿಗ್ಗೆ ಬಟ್ಟೆ ಹೆಗಲಿಗೆ ಹಾಕಿಕೊಂಡು ಸೀದಾ ಗುಡ್ಡಕ್ಕೆ ಹೋಗುವುದನ್ನು ಬಿಟ್ಟ. ಮೊದಲು ಇಲಿ ಮೇಡಂ ಬಾಗಿಲು, ಆಮೇಲೆ ಗುಮಾಸ್ತನ ಮೇಜು, ಕೊನೆಗೆ ಗೇಟಿನ ಕಾವಲುಗಾರ. ಮೂರು ಮೂಗಿಗೆ ಬಟ್ಟೆ ಹಿಡಿಯದೆ ಹೊರಗೆ ಕಾಲಿಡುತ್ತಿರಲಿಲ್ಲ. ನನ್ನ ಕಿಟಕಿ ಗೇಟಿನ ಕಡೆಗಿತ್ತು.

"ಮೂಸಿ ನೋಡು."

"ನಿನ್ನೆ ತಾನೇ ಮೂಸಿದ್ದೆ ಕಣಣ್ಣಾ."

"ನಿನ್ನೆದು ನಿನ್ನೆ. ಇವತ್ತು ನೋಡು."

"ಏನೂ ಇಲ್ಲ. ಬಿಸಿಲು ವಾಸನೆ ಅಷ್ಟೇ."

"ಸರಿಯಾಗಿ ನೋಡು. ಆ ಮೂಲೆ ನೋಡಲಿಲ್ಲ ನೀನು."

ಕಾವಲುಗಾರ ಆ ಮೂಲೆಯನ್ನೂ ಮೂಸಿ, ಇಲ್ಲ ಎಂದು ತಲೆಯಾಡಿಸಿದ ಮೇಲೆ ಅವನು ಬಟ್ಟೆಯನ್ನು ಕೋಲಿಗೆ ಕಟ್ಟುತ್ತಿದ್ದ.